ಗಣಗಳ ನೆಂಟಸ್ತಿಕೆ

ನನಗೆ ಆಟಿಸಂ ಇದೆ ಎಂದಾಗ "ನೋಡಿದರೆ ಹಾಗೆ ಕಾಣುವುದಿಲ್ಲವಲ್ಲ" ಎಂಬ ಮಾತನ್ನು ನಾನು ಮನೋವೈದ್ಯರಿಂದ, ಸಹೋದ್ಯೋಗಿಗಳಿಂದ, ಚಿಕ್ಕಮ್ಮಂದಿರಿಂದ ಕೇಳಿದ್ದೇನೆ. ಹೇಳಿದವರೆಲ್ಲರೂ ಅದನ್ನು ಹೊಗಳಿಕೆಯೆಂದೇ ತಿಳಿದಿದ್ದರು. ಆಟಿಸಂ ಇರುವವರು ಹೇಗೆ ಕಾಣಬೇಕಿತ್ತು ಎಂದು ತಿರುಗಿ ಕೇಳಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಚಂದ ಇರಬಾರದಿತ್ತು ಎಂಬುದೇ ಅವರ ಮನಸ್ಸಿನಲ್ಲಿರುವ ಉತ್ತರ ಎಂದು ನನ್ನ ಅನುಮಾನ.

ನಾನು ನೋಡಲು ಚೆನ್ನಾಗಿದ್ದೇನೆ. ಹೀಗೆ ಬರೆದುಕೊಳ್ಳುವುದು ಜಂಬವೆಂದು ಅನ್ನಿಸಬಹುದು. ಆದರೆ ಮೂವತ್ತು ದಾಟುವವರೆಗೂ ಯಾರಿಗೂ, ನನಗೂ ಸೇರಿ, ಏನೂ ಗೊತ್ತಾಗದೆ ಉಳಿದದ್ದಕ್ಕೆ ಈ ಮುಖವೂ ಒಂದು ಕಾರಣ. ಸುಳ್ಯದ ಕಡೆಯ ನಮ್ಮ ಹಳ್ಳಿಯಲ್ಲಿ ನನ್ನನ್ನು ಗೊಂಬೆ ಎಂದು ಕರೆಯುತ್ತಿದ್ದರು. ಗೊಂಬೆ ಮಾತನಾಡದಿದ್ದರೆ ನಾಚಿಕೆ ಸ್ವಭಾವ ಎಂದರು. ಎದುರಿನವರ ಕಣ್ಣನ್ನು ನೋಡದಿದ್ದರೆ ಒಳ್ಳೆಯ ಸಂಸ್ಕಾರ ಎಂದರು. ವರ್ಷವಿಡೀ ಅದೇ ಹಳದಿ ಲಂಗ ಬೇಕೆಂದು ಹಟ ಮಾಡಿದರೆ, ಆಸೆಯಿಲ್ಲದ ಮಗು ಎಂದರು. ನನ್ನದೇ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಹಲ್ಲು ಮುಂದೆ ಬಂದಿತ್ತು, ಜೊಲ್ಲು ಸುರಿಯುತ್ತಿತ್ತು. ಅವನೂ ಯಾರ ಕಣ್ಣನ್ನೂ ನೋಡುತ್ತಿರಲಿಲ್ಲ, ಅವನೂ ಒಬ್ಬನೇ ಕೂತು ಕಲ್ಲುಗಳನ್ನು ಸಾಲಾಗಿ ಜೋಡಿಸುತ್ತಿದ್ದ. ಅವನನ್ನು ಅರೆಮರುಳ ಎಂದರು, ನಾಲ್ಕನೆಯ ತರಗತಿಯ ನಂತರ ಅವನು ಶಾಲೆಗೆ ಬರಲಿಲ್ಲ. ನಾವಿಬ್ಬರೂ ಒಂದೇ ಮರದ ಬುಡದಲ್ಲಿ ಕಲ್ಲು ಜೋಡಿಸಿದವರು.

ಗೊಂಬೆಗೆ ಮದುವೆಯ ವಯಸ್ಸು ಬಂದಾಗ ಚಂದ ಎನ್ನುವುದು ದುಡಿಮೆಯಾಯಿತು. ಹುಡುಗನ ಕಡೆಯವರು ಬರುತ್ತಾರೆಂದರೆ ಹಿಂದಿನ ದಿನ ಪಾರ್ಲರ್. ಹುಬ್ಬಿನ ಕೂದಲನ್ನು ದಾರದಲ್ಲಿ ಕೀಳುವಾಗ ಬೇರೆ ಹುಡುಗಿಯರ ಕಣ್ಣಲ್ಲಿ ಸ್ವಲ್ಪ ನೀರು ಬರುತ್ತದೆ. ನನಗೆ ಆ ನೋವು ಹಲ್ಲಿನ ಬೇರಿನವರೆಗೆ ಇಳಿದು ರಾತ್ರಿಯವರೆಗೂ ಅಲ್ಲೇ ಇರುತ್ತಿತ್ತು. ರವಿಕೆಯ ಜರಿ ಅಂಚು ಕಂಕುಳಲ್ಲಿ ಉಜ್ಜುವುದು, ಮಲ್ಲಿಗೆಯ ಘಾಟು, ಸೀರೆಯ ಪಿನ್ನುಗಳು, ತಲೆಯ ಮೇಲೆ ಫ್ಯಾನಿನ ಕಟಕಟ, ಇವೆಲ್ಲದರ ನಡುವೆ ಕಾಫಿ ತಟ್ಟೆ ಹಿಡಿದು ಬಂದು, ಅತ್ತೆ ಹೇಳಿಕೊಟ್ಟಂತೆ ಹುಡುಗನ ತಾಯಿಯ ಮುಖ ನೋಡಿ ಮುಗುಳ್ನಗಬೇಕು. ಕಣ್ಣನ್ನು ನೋಡಲು ಆಗದಿದ್ದಾಗ ಎರಡು ಹುಬ್ಬುಗಳ ನಡುವಿನ ಕುಂಕುಮವನ್ನು ನೋಡುವುದು ಅಭ್ಯಾಸವಾಯಿತು. ನಗುವನ್ನು ಎಷ್ಟು ಹೊತ್ತು ಹಿಡಿದಿಡಬೇಕೆಂದು ಕನ್ನಡಿಯ ಮುಂದೆ ಎಣಿಸಿ ಕಲಿತಿದ್ದೆ. ಅವರು ಹೋದ ಮೇಲೆ ಅಟ್ಟದ ಕತ್ತಲಲ್ಲಿ ಅಡಕೆಯ ಗೋಣಿಗಳ ನಡುವೆ ಮಲಗುತ್ತಿದ್ದೆ. ಮಾತು ಹಿಂತಿರುಗಲು ಮರುದಿನದವರೆಗೆ ಬೇಕಾಗುತ್ತಿತ್ತು. "ಹುಡುಗಿ ಲಕ್ಷಣವಾಗಿದ್ದಾಳೆ, ಆದರೆ ಏನೋ ಒಂದು..." ಎಂದು ಮಧ್ಯಸ್ಥರ ಮೂಲಕ ಹೇಳಿ ಕಳುಹಿಸುತ್ತಿದ್ದರು. ಆ 'ಏನೋ ಒಂದು' ಏನೆಂದು ಯಾರೂ ವಿವರಿಸಲಿಲ್ಲ.

ಅಪ್ಪನಿಗೆ ಯಕ್ಷಗಾನದ ಹುಚ್ಚು. ಮೇಳಗಳು ತಿರುಗಾಟಕ್ಕೆ ಹೊರಟ ಮೇಲೆ, ತಿರುಗಾಟ ಮುಗಿಯುವ ಪತ್ತನಾಜೆಯವರೆಗೆ ಹತ್ತಿರದ ಆಟ ಒಂದನ್ನೂ ಬಿಡುತ್ತಿರಲಿಲ್ಲ, ನನ್ನನ್ನೂ ಹೆಗಲ ಮೇಲೆ ಹೊತ್ತು ಹೋಗುತ್ತಿದ್ದರು. ಮದುವೆ ಮನೆಯ ಮೈಕಿಗೆ ಕಿವಿ ಮುಚ್ಚಿ ಅಳುತ್ತಿದ್ದವಳು ಚೆಂಡೆಯ ಪಕ್ಕದಲ್ಲೇ ಕೂರುತ್ತಿದ್ದೆ ಎಂದು ಅಮ್ಮ ಈಗಲೂ ಆಶ್ಚರ್ಯಪಡುತ್ತಾರೆ. ಆಶ್ಚರ್ಯವೇನೂ ಇಲ್ಲ. ಮೈಕಿನಿಂದ ಯಾವಾಗ ಏನು ಬರುತ್ತದೆಂದು ಗೊತ್ತಿಲ್ಲ. ಚೆಂಡೆ ಎಲ್ಲಿ ಏರುತ್ತದೆ, ಎಲ್ಲಿ ಬಂದು ನಿಲ್ಲುತ್ತದೆ ಎಂಬುದಕ್ಕೆ ತಾಳದ ಲೆಕ್ಕವಿದೆ.

ರಂಗಸ್ಥಳಕ್ಕಿಂತ ಹೆಚ್ಚು ಹೊತ್ತು ನಾನು ವೇಷ ಕಟ್ಟುವ ಚೌಕಿಯಲ್ಲಿರುತ್ತಿದ್ದೆ. ರಾಕ್ಷಸ ಪಾತ್ರ ಮಾಡುವ ಬಣ್ಣದ ವೇಷದವರು ಕನ್ನಡಿಯ ಮುಂದೆ ಕೂತು, ಅಕ್ಕಿಹಿಟ್ಟು ಮತ್ತು ಸುಣ್ಣದ ಮಿಶ್ರಣವನ್ನು ಕಡ್ಡಿಯಿಂದ ಮುಖದ ಮೇಲೆ ಚುಕ್ಕೆ ಚುಕ್ಕೆಯಾಗಿ ಇಟ್ಟು ಚಿಟ್ಟಿ ಏರಿಸುತ್ತಿದ್ದರು. ಒಂದು ಸಾಲು ಒಣಗಿದ ಮೇಲೆ ಅದರ ಮೇಲೆ ಇನ್ನೊಂದು, ಹೀಗೆ ಗಂಟೆಗಟ್ಟಲೆ. ಕೆಂಪು, ಕಪ್ಪು, ನಡುವೆ ಬಿಳಿಯ ಮುಳ್ಳುಗಳ ಸಾಲು. ಅಷ್ಟು ಚಂದದ ಮುಖವನ್ನು ನಾನು ಬೇರೆಲ್ಲೂ ನೋಡಿರಲಿಲ್ಲ. ಸ್ತ್ರೀವೇಷದವರು ಅದೇ ಚೌಕಿಯ ಇನ್ನೊಂದು ಮೂಲೆಯಲ್ಲಿ ಬೇಗ ಬೇಗ ಸಿದ್ಧರಾಗುತ್ತಿದ್ದರು. ನನಗೆ ಅತ್ತ ಗಮನವೇ ಇರಲಿಲ್ಲ. "ಹೆಣ್ಣುಮಗು, ಸೀತೆಯನ್ನು ಬಿಟ್ಟು ರಾಕ್ಷಸರ ಮುಂದೆ ಕೂರುತ್ತದೆ" ಎಂದು ಕಲಾವಿದರೊಬ್ಬರು ನಕ್ಕಿದ್ದರು.

ರಾಕ್ಷಸರ ಲೋಕದಲ್ಲಿ ನನಗೆ ಹಿಡಿಸಿದ್ದು ಅಲ್ಲಿನ ಸಲಿಗೆ. ಮಹಿಷಾಸುರ ದೊಂದಿಗಳ ಬೆಳಕಿನಲ್ಲಿ ಪ್ರೇಕ್ಷಕರ ನಡುವಿನಿಂದ ಕೊಂಬು ಅಲ್ಲಾಡಿಸುತ್ತ ಆರ್ಭಟಿಸಿ ಬರುವಾಗ ಯಾರೂ ಅವನಿಗೆ ಮೆಲ್ಲಗೆ ಮಾತನಾಡು ಎನ್ನುವುದಿಲ್ಲ. ಕೈ ಅಗಲಿಸಬೇಡ, ಗಿರಗಿರನೆ ತಿರುಗಬೇಡ ಎನ್ನುವುದಿಲ್ಲ. ಮನೆಯಲ್ಲಿ ನಾನು ಖುಷಿಯಾದಾಗ ಬೆರಳುಗಳನ್ನು ಕುಣಿಸಿದರೆ ಅಜ್ಜಿ ಕೈ ಮೇಲೆ ಹೊಡೆಯುತ್ತಿದ್ದರು. ಆದರೆ ಬೆಳಗಿನ ಜಾವಕ್ಕೆ ರಾಕ್ಷಸರೆಲ್ಲ ಸಾಯುತ್ತಿದ್ದರು. ಪ್ರಸಂಗ ಯಾವುದಾದರೂ ಸರಿ, ಸೂರ್ಯ ಹುಟ್ಟುವ ಮೊದಲು ನನ್ನವರು ಸತ್ತಿರಬೇಕು. ಜೀಪಿನಲ್ಲಿ ಹಿಂತಿರುಗುವಾಗ ನಾನು ಅಳುತ್ತಿದ್ದುದು ನಿದ್ದೆಗೆಟ್ಟದ್ದಕ್ಕೆ ಎಂದು ಅಪ್ಪ ತಿಳಿದಿದ್ದರು.

'ಪಂಚವಟಿ'ಯ ಶೂರ್ಪನಖಿಯ ವಿಷಯ ಇನ್ನೂ ಕಷ್ಟದ್ದು. ಅವಳಿಗೆ ಎರಡು ವೇಷ, ಇಬ್ಬರು ಕಲಾವಿದರು. ರಾಮನನ್ನು ಕಂಡು ಮನಸೋತ ಘೋರ ಶೂರ್ಪನಖಿ ಈ ರೂಪದಲ್ಲಿ ಹೋದರೆ ಅವನು ಒಪ್ಪಲಾರನೆಂದು ಮರೆಗೆ ಸರಿಯುತ್ತಾಳೆ, ಆಮೇಲೆ ಮಾಯಾ ಶೂರ್ಪನಖಿ ಬಳುಕುತ್ತ ಬರುತ್ತಾಳೆ. ಹಿಡಿಂಬೆಯೂ ಹಾಗೆಯೇ, ಭೀಮನ ಎದುರಿಗೆ ಬರುವುದು ಮಾಯಾ ರೂಪದಲ್ಲಿ. ಮಾಯಾ ವೇಷ ಒನಪು ತೋರಿಸುತ್ತಿರುವಾಗ ಘೋರ ವೇಷದವರು ಚೌಕಿಯಲ್ಲಿ ಕಿರೀಟ ಸಡಿಲಿಸಿ ಬೀಡಿ ಸೇದುತ್ತ ತಮ್ಮ ಸರದಿಗೆ ಕಾಯುತ್ತಿದ್ದುದನ್ನು ನಾನು ನೋಡಿದ್ದೇನೆ. ಹೆಣ್ಣು ನೋಡುವ ಶಾಸ್ತ್ರದ ದಿನಗಳಲ್ಲಿ ಅಟ್ಟದ ಮೇಲೆ ಗೋಣಿಗಳ ನಡುವೆ ಮಲಗಿ ನಾನು ಯೋಚಿಸುತ್ತಿದ್ದುದು ಆ ಬೀಡಿಯನ್ನು.

ಆಟಿಸಂ ಎಂಬ ಶಬ್ದ ನನ್ನ ಬದುಕಿಗೆ ಬಂದದ್ದು ಅಕ್ಕನ ಮಗನ ಮೂಲಕ. ಅವನಿಗೆ ಎರಡೂವರೆ ವರ್ಷ, ಮಾತು ಬಂದಿರಲಿಲ್ಲ. ಬೆಂಗಳೂರಿನ ಒಂದು ಕೇಂದ್ರದಲ್ಲಿ ಅಕ್ಕ ಅವನನ್ನು ಹಿಡಿದುಕೊಂಡಿದ್ದಾಗ ನಾನು ಅರ್ಜಿ ತುಂಬುತ್ತಿದ್ದೆ. ಬಟ್ಟೆಯ ಚೀಟಿ ತಾಗಿದರೆ ಸಹಿಸುವುದಿಲ್ಲವೇ, ಸದ್ದಿಗೆ ಕಿವಿ ಮುಚ್ಚುತ್ತಾನೆಯೇ, ದಿನಚರಿ ಬದಲಾದರೆ ಅಳುತ್ತಾನೆಯೇ ಎಂದು ಓದುತ್ತ ಹೋದಂತೆ ಪೆನ್ನು ನಿಧಾನವಾಯಿತು. ಮಗುವಿನ ಬಗ್ಗೆ ಬರೆಯುತ್ತಿದ್ದೇನೆಯೋ ನನ್ನ ಬಗ್ಗೆಯೋ ಎಂದು ಎರಡೆರಡು ಸಲ ನೋಡಿಕೊಳ್ಳಬೇಕಾಯಿತು.

ಮೊದಲು ಹೋದ ಮನೋವೈದ್ಯರು ನನ್ನನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿದರು. ಲೆಕ್ಕಪರಿಶೋಧನೆಯ ಕೆಲಸ, ಒಳ್ಳೆಯ ಸಂಬಳ, ಅಚ್ಚುಕಟ್ಟಾದ ಸೀರೆ, ಹುಬ್ಬುಗಳ ನಡುವೆ ನೆಟ್ಟ ದೃಷ್ಟಿ. "ನಿಮಗೆ ಆತಂಕದ ಸಮಸ್ಯೆ ಇದೆ, ಮದುವೆಯಾದರೆ ಸರಿಹೋಗುತ್ತದೆ" ಎಂದು ಮಾತ್ರೆ ಬರೆದುಕೊಟ್ಟರು. ದೊಡ್ಡವರ ಆಟಿಸಂ ಮೌಲ್ಯಮಾಪನ ಮಾಡುವವರು ನಮ್ಮಲ್ಲಿ ಕಡಿಮೆ. ಬಹುಪಾಲು ಕೇಂದ್ರಗಳ ಬಾಗಿಲಲ್ಲೇ ಆನೆ, ಜಿರಾಫೆಗಳ ಚಿತ್ರ ಅಂಟಿಸಿರುತ್ತಾರೆ. ಕೊನೆಗೆ ಸಿಕ್ಕ ಚಿಕಿತ್ಸಾ ಮನಶ್ಶಾಸ್ತ್ರಜ್ಞೆಯ ಕೋಣೆಯಲ್ಲೂ ಜಿರಾಫೆ ಇತ್ತು, ಆದರೆ ಅವರು ಮೊದಲು ಕೇಳಿದ ಪ್ರಶ್ನೆ, "ಈ ಟ್ಯೂಬ್‌ಲೈಟ್ ಆರಿಸಲೇ?" ಎಂದು. ಅದು ಸಣ್ಣಗೆ ಗುಂಯ್ ಎನ್ನುತ್ತಿರುವುದು ನನಗೆ ಮಾತ್ರ ಕೇಳಿಸುತ್ತದೆ ಎಂದುಕೊಂಡಿದ್ದೆ.

ಪ್ರಶ್ನಾವಳಿಗಳ ಬಗ್ಗೆ ನನಗೆ ತಕರಾರುಗಳಿವೆ. 2001ರಲ್ಲಿ ಕೇಂಬ್ರಿಜ್‌ನಲ್ಲಿ ರೂಪುಗೊಂಡ ಎಕ್ಯೂ ಎಂಬ 50 ಹೇಳಿಕೆಗಳ ಪಟ್ಟಿಯಲ್ಲಿ, ಪಾರ್ಟಿಗಿಂತ ಗ್ರಂಥಾಲಯಕ್ಕೆ ಹೋಗುವುದು ನನಗೆ ಇಷ್ಟ ಎಂಬ ಅರ್ಥದ ಒಂದು ಸಾಲಿದೆ. ನನ್ನ ಹಳ್ಳಿಯಲ್ಲಿ ಪಾರ್ಟಿಯೂ ಇರಲಿಲ್ಲ, ಗ್ರಂಥಾಲಯವೂ ಇರಲಿಲ್ಲ. ಇದ್ದದ್ದು ಭೂತಕೋಲ ಮತ್ತು ಆಟ. ನಮ್ಮ ದೇಶದ್ದೇ ಆದ ಐಎಸ್ಎಎ ಅಳತೆಗೋಲಿನಲ್ಲಿ 40 ಅಂಶಗಳಿವೆ, ಒಂದೊಂದಕ್ಕೆ 1ರಿಂದ 5ರವರೆಗೆ ಅಂಕ, ಒಟ್ಟು 70ಕ್ಕಿಂತ ಕಡಿಮೆ ಬಂದರೆ ಆಟಿಸಂ ಇಲ್ಲವೆಂದು ಲೆಕ್ಕ. ಕಣ್ಣಿಗೆ ಕಣ್ಣು ಕೊಡುವುದು ಕಡಿಮೆ, ಮುಗುಳ್ನಗೆ ಇಲ್ಲ, ಒಂಟಿಯಾಗಿರುತ್ತಾರೆ ಎಂಬಂಥ ಹೊರಗಿನಿಂದ ನೋಡಿ ಹೇಳಬಹುದಾದ ಸಂಗತಿಗಳೇ ಅದರಲ್ಲಿ ಹೆಚ್ಚು. ಹೊರಗಿನಿಂದ ನೋಡುವವರಿಗಾಗಿಯೇ ಇಡೀ ಆಯಸ್ಸನ್ನು ಸಿದ್ಧಪಡಿಸಿಕೊಂಡ ಹೆಣ್ಣುಮಗಳನ್ನು ಆ ಗೋಲಿನಲ್ಲಿ ಅಳೆಯುವುದು ಹೇಗೆ? ಮನಶ್ಶಾಸ್ತ್ರಜ್ಞೆ ಅದನ್ನು ಒಪ್ಪಿ, ಕ್ಯಾಟ್-ಕ್ಯೂ ಎಂಬ ಇನ್ನೊಂದನ್ನು ಮುಂದಿಟ್ಟರು. ಮರೆಮಾಚುವಿಕೆಯನ್ನೇ ಅಳೆಯುವ 25 ಹೇಳಿಕೆಗಳು. ಬೇರೆಯವರ ಹಾವಭಾವ ನೋಡಿ ಅಭ್ಯಾಸ ಮಾಡಿಕೊಳ್ಳುತ್ತೀರಾ, ಜನರ ನಡುವೆ ನಟಿಸುತ್ತಿದ್ದೇನೆ ಅನ್ನಿಸುತ್ತದೆಯೇ ಎಂಬ ಧಾಟಿಯವು. ಅದನ್ನು ತುಂಬುವಾಗ ಮಾಯಾ ಶೂರ್ಪನಖಿಯ ಚೌಕಿಗೆ ಯಾರೋ ದೀಪ ಹಿಡಿದು ಬಂದಂತಾಯಿತು.

ಬಾಲ್ಯದ ವಿವರ ಹೇಳಲು ಅಮ್ಮ ರಾತ್ರಿ ಬಸ್ಸಿನಲ್ಲಿ ಬಂದರು, ಕೈಯಲ್ಲಿ ಒಂದು ಚೀಲ ಹಲಸಿನ ಹಪ್ಪಳ. ಮಗಳ ಮಾನ ಕಾಪಾಡುವುದೇ ತನ್ನ ಕೆಲಸ ಎಂದು ತೀರ್ಮಾನಿಸಿಕೊಂಡೇ ಬಂದಿದ್ದರು.

"ನಮ್ಮ ಹುಡುಗಿಗೆ ಏನೂ ಕೊರತೆ ಇಲ್ಲ ಮೇಡಂ. ನೋಡಿ, ಎಷ್ಟು ಚಂದ ಇದ್ದಾಳೆ."

"ಹೌದಮ್ಮ, ಚಂದ ಇದ್ದಾರೆ. ಚಿಕ್ಕವಳಿದ್ದಾಗ ಊಟ ಹೇಗೆ ಮಾಡುತ್ತಿದ್ದರು?"

ಊಟದ ಮಾತು ಬಂದದ್ದೇ ತಡ ಅಮ್ಮನ ಎಚ್ಚರ ತಪ್ಪಿತು. ಅನ್ನಕ್ಕೆ ಸಾರು ತಾಗಬಾರದು, ಬಾಳೆಲೆಯಲ್ಲಿ ಪಲ್ಯ ಮತ್ತು ಉಪ್ಪಿನಕಾಯಿಯ ನಡುವೆ ಜಾಗ ಬಿಡಬೇಕು, ಬಡಿಸುವ ಕ್ರಮ ತಪ್ಪಿದರೆ ಎಲೆಯನ್ನೇ ಬಿಟ್ಟು ಏಳುತ್ತಿದ್ದಳು. ಶಾಲೆಗೆ ಹೋಗುವ ದಾರಿಯಲ್ಲಿ ಸಂಕ, ಅಂದರೆ ಕಾಲುಸೇತುವೆ, ಮುರಿದು ಬೇರೆ ದಾರಿಯಲ್ಲಿ ಕರೆದುಕೊಂಡು ಹೋದ ದಿನ ಸಂಜೆಯವರೆಗೆ ಅತ್ತಿದ್ದಳು. ನೆಂಟರ ಮಕ್ಕಳು ಬಂದರೆ ಹಟ್ಟಿಗೆ ಹೋಗಿ ದನದ ಹತ್ತಿರ ಕೂರುತ್ತಿದ್ದಳು. ಯಕ್ಷಗಾನದ ಪ್ರಸಂಗವನ್ನು ಭಾಗವತರ ಪದ ಸಹಿತ ಇಡೀ ಒಪ್ಪಿಸುತ್ತಿದ್ದಳು, ಆದರೆ ಬಾಯಾರಿಕೆಯಾಗಿದೆ ಎಂದು ಹೇಳಲು ಅವಳಿಗೆ ಬರುತ್ತಿರಲಿಲ್ಲ. ಅಮ್ಮ ಹೇಳುತ್ತಲೇ ಹೋದರು, ಮನಶ್ಶಾಸ್ತ್ರಜ್ಞೆ ಬರೆದುಕೊಳ್ಳುತ್ತಲೇ ಹೋದರು. ನನಗೆ ನೆನಪೇ ಇಲ್ಲದ್ದನ್ನೆಲ್ಲ ಅಮ್ಮ ದಿನಾಂಕ, ಹಬ್ಬಗಳ ಸಮೇತ ಇಟ್ಟುಕೊಂಡಿದ್ದರು. ಯಾರೂ ಕೇಳಿರಲಿಲ್ಲ, ಅಷ್ಟೇ. ಕೊನೆಗೆ ಅವರು, "ಇದೆಲ್ಲ ನನ್ನ ಅಪ್ಪನಿಗೂ ಇತ್ತು. ಅವರು ಗಂಡಸು, ಅದಕ್ಕೆ ಶಿಸ್ತು ಎಂದರು" ಎಂದು ಹೇಳಿ ನೀರು ಕುಡಿದರು.

ನೇರ ಪರೀಕ್ಷೆಗೆ ಎಡಾಸ್-2 ಎಂಬ ವಿಧಾನ ಬಳಸಿದರು. ಮಾತು ಬಲ್ಲ ಹದಿಹರೆಯದವರಿಗೆ ಮತ್ತು ದೊಡ್ಡವರಿಗೆ ಅದರ ನಾಲ್ಕನೆಯ ಭಾಗ. ಪದಗಳಿಲ್ಲದ ಚಿತ್ರಪುಸ್ತಕವನ್ನು ನೋಡಿ ಕಥೆ ಹೇಳಬೇಕು. ಗೆಳೆತನ, ಒಂಟಿತನ, ಮದುವೆ ಎಂದರೆ ಏನೆಂದು ತಿಳಿದಿದ್ದೀರಿ ಎಂಬ ಪ್ರಶ್ನೆಗಳಿರುತ್ತವೆ. ಹಲ್ಲುಜ್ಜುವುದನ್ನು ಗೊತ್ತಿಲ್ಲದವರಿಗೆ ಕಲಿಸುವಂತೆ ಅಭಿನಯಿಸಿ ತೋರಿಸಬೇಕು. ಮೂವತ್ತು ದಾಟಿದ ಲೆಕ್ಕಪರಿಶೋಧಕಿ ಇಲ್ಲದ ಬ್ರಷ್ಷಿಗೆ ಇಲ್ಲದ ಪೇಸ್ಟು ಹಾಕಿ ತಿಕ್ಕಿದ್ದನ್ನು ನೆನೆದರೆ ಈಗ ನಗು ಬರುತ್ತದೆ. ಆಗ ಬಂದಿರಲಿಲ್ಲ, ಪೇಸ್ಟಿನ ಮುಚ್ಚಳ ಹಾಕುವುದನ್ನು ಬಿಟ್ಟೆನಲ್ಲ ಎಂಬ ಚಿಂತೆಯಲ್ಲಿದ್ದೆ. ಚಿತ್ರಪುಸ್ತಕದಲ್ಲಿ ಜನರ ಮುಖಕ್ಕಿಂತ ಗಡಿಯಾರಗಳು ಯಾವ ಸಮಯ ತೋರಿಸುತ್ತಿವೆ ಎಂಬುದನ್ನು ನಾನು ಮೊದಲು ಹೇಳಿದೆನಂತೆ.

ವರದಿ ಬಂತು. ಆಟಿಸಂ ಎಂದೇ ಇತ್ತು. ಅಮೆರಿಕದ ಮನೋವೈದ್ಯರ ಕೈಪಿಡಿಯಾದ ಡಿಎಸ್ಎಂ-5 2013ರಲ್ಲಿ ಬಂದ ಮೇಲೆ, ಮಾತು, ಬುದ್ಧಿ ಚುರುಕಾಗಿರುವವರಿಗೆ ಕೊಡುತ್ತಿದ್ದ ಆಸ್ಪರ್ಗರ್ ಎಂಬ ಬೇರೆ ಹೆಸರು ಅದರಲ್ಲಿ ಉಳಿದಿಲ್ಲವಾದ್ದರಿಂದ ನನ್ನ ಮರ್ಯಾದೆ ಉಳಿಸಲು ಚಿಕ್ಕಮ್ಮ ಹುಡುಕಿಟ್ಟಿದ್ದ ಆ ಪದವೂ ಕೆಲಸಕ್ಕೆ ಬರಲಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಆಟಿಸಂ ಸೇರಿದೆ, ಪ್ರಮಾಣಪತ್ರ ಮತ್ತು ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಬಹುದು. ಅದಕ್ಕೆ ಖಾಸಗಿ ವರದಿ ಸಾಲದು, ಸರ್ಕಾರ ಗೊತ್ತುಪಡಿಸಿದ ವೈದ್ಯರ ಮುಂದೆ ಮತ್ತೆ ಅದೇ 40 ಅಂಶಗಳ ಅಳತೆ. ಮೀಸಲಾತಿಯಂಥ ಸೌಲಭ್ಯಗಳಿಗೆ ಕನಿಷ್ಠ ಶೇಕಡಾ 40 ಅಂಗವೈಕಲ್ಯ ಇರಬೇಕು. ಅಕ್ಕನ ಮಗನಿಗೆ ಮಾಡಿಸಿದ್ದೇವೆ, ಶಾಲೆಯಲ್ಲಿ ಅದರಿಂದ ಉಪಯೋಗವಾಗಿದೆ. ನನಗೆ ಸದ್ಯಕ್ಕೆ ಬೇಕಾದದ್ದು ಕಚೇರಿಯಲ್ಲಿ ಗೋಡೆ ಕಡೆಯ ಮೇಜು. ಅದು ವರದಿಯ ನಕಲಿನಿಂದಲೇ ಸಿಕ್ಕಿತು.

ವರದಿಯ ನಂತರ ನಾನು ಸುಮ್ಮನೆ ಓದಿದೆ. 1943ರಲ್ಲಿ ಮಕ್ಕಳ ಮನೋವೈದ್ಯ ಲಿಯೊ ಕ್ಯಾನರ್ ಆಟಿಸಂ ಬಗ್ಗೆ ಬರೆದ ಪ್ರಬಂಧದಲ್ಲಿ 11 ಮಕ್ಕಳಿದ್ದಾರೆ, ಅವರಲ್ಲಿ ಮೂವರು ಹುಡುಗಿಯರು. ಈ ಮಕ್ಕಳೆಲ್ಲರ ಮುಖದಲ್ಲೂ ಎದ್ದು ಕಾಣುವ ಬುದ್ಧಿವಂತ ಕಳೆಯಿದೆ ಎಂದು ಕ್ಯಾನರ್ ಬರೆದಿದ್ದಾನೆ. ಅಂದರೆ ಮೊದಲ ದಿನದಿಂದಲೂ ವೈದ್ಯರು ಮುಖ ನೋಡುತ್ತಲೇ ಬಂದಿದ್ದಾರೆ. ಒಬ್ಬರಿಗೆ ಮುಖ ಚೆನ್ನಾಗಿದೆ, ಹಾಗಾಗಿ ಒಳಗೆ ಬುದ್ಧಿ ಇರಬೇಕು. ಇನ್ನೊಬ್ಬರಿಗೆ ಮುಖ ಚೆನ್ನಾಗಿದೆ, ಹಾಗಾಗಿ ಆಟಿಸಂ ಇರಲಾರದು. ಹಲ್ಲು ಮುಂದೆ ಬಂದ ನನ್ನ ಸಹಪಾಠಿಗೆ ಈ ಎರಡು ಲೆಕ್ಕದಲ್ಲೂ ಜಾಗವಿಲ್ಲ.

ವೈದ್ಯರ ಬರಹ ಸಾಕಾಗಿ ಕಥೆಗಳಿಗೆ ತಿರುಗಿದೆ. ನನಗೆ ಬೇಕಿದ್ದ ಕಥೆಗೆ ಒಂದೇ ಷರತ್ತು: ವಿಚಿತ್ರರು ಕೊನೆಯಲ್ಲಿ ಸಾಯಬಾರದು, ಸರಿಹೋಗಲೂಬಾರದು. ಈ ಷರತ್ತು ಹಾಕಿ ಹುಡುಕಿದರೆ ನಮ್ಮ ಕಥೆಗಳು ಎಷ್ಟು ಬೇಗ ಖಾಲಿಯಾಗುತ್ತವೆ ಎಂದರೆ ಸಿಟ್ಟು ಬರುತ್ತದೆ. ಅಷ್ಟಾವಕ್ರನನ್ನೇ ನೋಡಿ. ಎಂಟು ಕಡೆ ಸೊಟ್ಟಗಿರುವ ಬಾಲಕ ಜನಕನ ಸಭೆಯಲ್ಲಿ ಬಂದಿ ಎಂಬ ಪಂಡಿತನನ್ನು ವಾದದಲ್ಲಿ ಸೋಲಿಸಿ, ಅವನಿಗೇ ಸೋತು ನೀರುಪಾಲಾಗಿದ್ದ ತಂದೆಯನ್ನು ಬಿಡಿಸಿಕೊಂಡು ಬರುತ್ತಾನೆ. ಅಲ್ಲಿಗೆ ಮುಗಿಸಬಹುದಿತ್ತು. ಆದರೆ ಮಹಾಭಾರತದ ವನಪರ್ವದಲ್ಲಿ ತಂದೆ ಅವನನ್ನು ಸಮಂಗಾ ನದಿಯಲ್ಲಿ ಮುಳುಗೇಳಲು ಹೇಳುತ್ತಾನೆ, ಮೈಯೆಲ್ಲ ನೆಟ್ಟಗಾಗುತ್ತದೆ. ಮಗ ಇದ್ದ ಹಾಗೆಯೇ ಗೆದ್ದು ಬಂದದ್ದು ಅಪ್ಪನಿಗೆ ಸಾಲಲಿಲ್ಲವೇ? ಈ ಪ್ರಶ್ನೆಯನ್ನು ನಮ್ಮ ಮನೆಯಲ್ಲಿ ಕೇಳಿದಾಗ ಅಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ.

ಬಾದಾಮಿಗೆ ಹೋದದ್ದು ಕಚೇರಿಯವರ ಪ್ರವಾಸದಲ್ಲಿ. ಉಳಿದವರು ಮೊದಲ ಗುಹೆಯ ಹೊರಬದಿಯಲ್ಲಿರುವ 18 ಕೈಗಳ ನಟರಾಜನ ಮುಂದೆ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಎದುರಿಗೆ ಅಷ್ಟು ಗದ್ದಲವಿದ್ದುದರಿಂದ ನಾನು ತಲೆ ತಗ್ಗಿಸಿದ್ದೆ, ಅದರಿಂದಾಗಿ ಕೆಳಗಿನ ಪಟ್ಟಿಕೆಯಲ್ಲಿದ್ದವರು ಕಂಡರು. ಶಿವಗಣಗಳು. ಆರನೆಯ ಶತಮಾನದ ಚಾಲುಕ್ಯ ಶಿಲ್ಪಿಗಳು ಕೆಂಪು ಮರಳುಗಲ್ಲಿನಲ್ಲಿ ಕೊರೆದ ಗಿಡ್ಡ ಕಾಲು, ಗುಡಾಣ ಹೊಟ್ಟೆಯ ಗಣಗಳ ಸಾಲು. ಕೆಲವರಿಗೆ ದನದ ತಲೆ, ಕುದುರೆಯ ತಲೆ. ಕುಣಿಯುವವರು, ಬಾರಿಸುವವರು, ಕೈಯನ್ನು ಹೇಗೆಂದರೆ ಹಾಗೆ ತಿರುಚಿದವರು. ಯಾರೊಬ್ಬರ ಭಂಗಿಯೂ ಪಕ್ಕದವರಂತಿಲ್ಲ. ಗಮನವಿಟ್ಟು ನೋಡಿದರೆ ಒಬ್ಬರೂ ನಮ್ಮನ್ನು ಮೆಚ್ಚಿಸಲು ನಿಂತಿಲ್ಲ.  ಆ ಶಿಲ್ಪಿಗಳಿಗೆ ಅಂದ ಎಂದರೆ ಏನೆಂದು ಚೆನ್ನಾಗಿ ಗೊತ್ತಿತ್ತು, ಅದೇ ಗುಹೆಗಳ ಕಂಬಗಳಲ್ಲಿ, ಬೋದಿಗೆಗಳಲ್ಲಿ ಅದಕ್ಕೆ ಸಾಕ್ಷಿಯಿದೆ. ಅಷ್ಟು ಬಲ್ಲವರು ಈ ಗಿಡ್ಡರಿಗೂ ಅಷ್ಟೇ ಶ್ರದ್ಧೆಯಿಂದ ಉಳಿ ಹಿಡಿದಿದ್ದಾರೆ. ನಾನು ಕಲ್ಲಿನ ಮೇಲೆ ಕೂತು ಒಬ್ಬೊಬ್ಬರನ್ನಾಗಿ ನೋಡುತ್ತ ಹೋದೆ. ಬೆರಳು ಕುಣಿಯುತ್ತಿತ್ತು, ನಾನು ತಡೆಯಲಿಲ್ಲ. ಒಂದು ಕೋತಿ ಮಾತ್ರ ಗಮನಿಸಿತು.

ಒಳಗೆ ಬಲಗಡೆಯ ಗೋಡೆಯಲ್ಲಿ ಅರ್ಧನಾರೀಶ್ವರ, ಪಕ್ಕದಲ್ಲಿ ಎಲುಬಿನ ಹಂದರವಾಗಿ ಕೈಮುಗಿದು ನಿಂತ ಭೃಂಗಿ. ಭೃಂಗಿಯ ಕಥೆ ನನಗೆ ಮೊದಲೇ ಗೊತ್ತಿತ್ತು, ಆದರೆ ಅವನನ್ನು ನೆಂಟನೆಂದು ಗುರುತಿಸಿದ್ದು ಅಲ್ಲಿ. ಅವನದು ಶಿವನೊಬ್ಬನಿಗೇ ಪ್ರದಕ್ಷಿಣೆ. ಪಾರ್ವತಿ ಪಕ್ಕದಲ್ಲಿ ಕೂತರೆ ನಡುವೆ ನುಸುಳಿ ಸುತ್ತಿದ, ಇಬ್ಬರೂ ಒಂದೇ ದೇಹವಾದರೆ ದುಂಬಿಯಾಗಿ ನಡುವೆ ಕೊರೆಯಲು ಹೋದ. ಒಂದು ಕ್ರಮ ಹಿಡಿದರೆ ಅದನ್ನು ಬಿಡಲಾಗದ ಸ್ವಭಾವ ನನಗೆ ಪರಿಚಿತ. ಸಂಕ ಮುರಿದ ದಿನ ಅತ್ತವಳು ನಾನು. ಪಾರ್ವತಿಯ ಶಾಪದಿಂದ ರಕ್ತಮಾಂಸ ಕಳೆದುಕೊಂಡು ನಿಲ್ಲಲಾರದೆ ಕುಸಿದಾಗ ಶಿವ ಅವನಿಗೆ ಮೂರನೆಯ ಕಾಲು ಕೊಟ್ಟ. ಮೊದಲಿನ ಮೈ ಬರಲಿಲ್ಲ. ನಿಲ್ಲಲು ಏನು ಬೇಕಿತ್ತೋ ಅದು ಸಿಕ್ಕಿತು, ಗಣಗಳ ನಡುವೆ ಅವನ ಜಾಗ ಉಳಿಯಿತು. ಭಕ್ತರು ಇದನ್ನು ಬೇರೆ ಅರ್ಥದಲ್ಲಿ ಓದುತ್ತಾರೆಂದು ಬಲ್ಲೆ, ಅವರ ಓದಿಗೆ ನನ್ನದು ಅಡ್ಡಿಯಲ್ಲ.

ಶಿವಪುರಾಣದಲ್ಲಿ ಮದುವೆಯ ದಿಬ್ಬಣದ ಪ್ರಸಂಗವಿದೆಯಲ್ಲ, ಅದನ್ನು ಹೆಣ್ಣು ನೋಡುವ ಶಾಸ್ತ್ರ ಅನುಭವಿಸಿದವರು ಓದಬೇಕು. ಮುಖವೇ ಇಲ್ಲದವರು, ಹಲವು ಮುಖದವರು, ಕೈಯಿಲ್ಲದವರು, ಕೈಗಳೇ ತುಂಬಿದವರು ಬಾಗಿಲಿಗೆ ಬರುವುದನ್ನು ಕಂಡು ವಧುವಿನ ತಾಯಿ ಮೇನಾದೇವಿ ಮೂರ್ಛೆ ಹೋಗುತ್ತಾಳೆ. ಎಚ್ಚರವಾದ ಮೇಲೆ ಮಗಳನ್ನು ಕೊಡುವುದಿಲ್ಲ ಎಂದು ರಂಪ ಮಾಡುತ್ತಾಳೆ. ಕೊನೆಗೆ ಶಿವನೇ ಸುಂದರ ರೂಪ ತಾಳಬೇಕಾಯಿತು. ಅತ್ತೆಯ ಕಣ್ಣಿಗೆ ಒಪ್ಪುವಂತೆ ಕಾಣುವ ಸಂಕಟ ಈಶ್ವರನಿಗೂ ತಪ್ಪಲಿಲ್ಲ. ಆದರೆ ಗಣಗಳಿಗೆ ಯಾರೂ ಮುಖ ತೊಳೆದು ಬನ್ನಿ ಎನ್ನಲಿಲ್ಲ, ದಿಬ್ಬಣದಿಂದ ಹಿಂದಕ್ಕೆ ಕಳುಹಿಸಲೂ ಇಲ್ಲ. ಅವರು ಹಾಗೆಯೇ ಬಂದರು, ಹಾಗೆಯೇ ಉಂಡರು. ನನ್ನ ಷರತ್ತಿಗೆ ಸರಿಹೊಂದುವವರು ಕೊನೆಗೂ ಸಿಕ್ಕಿದ್ದರು.

ಇಷ್ಟನ್ನು ನಾನು ಮೊದಲು ಹೇಳಿದ್ದು ಬೆಂಗಳೂರಿನಲ್ಲಿ ತಿಂಗಳಿಗೊಮ್ಮೆ ಸೇರುವ, ಆಟಿಸಂ ಇರುವ ದೊಡ್ಡವರ ಸಣ್ಣ ಗುಂಪಿನಲ್ಲಿ. ಅಲ್ಲಿ ಯಾರೂ ಯಾರ ಕಣ್ಣನ್ನೂ ನೋಡುವುದಿಲ್ಲ, ಮಾತು ಸಲೀಸಾಗಿ ಸಾಗುತ್ತದೆ. ಆಟಿಸಂ ಇರುವವರಿಗೆ ಇತರರು ಅರ್ಥವಾಗುವುದಿಲ್ಲ ಎನ್ನುವಷ್ಟೇ ಇತರರಿಗೆ ನಾವು ಅರ್ಥವಾಗುವುದಿಲ್ಲ ಎಂಬುದೂ ನಿಜ ಎಂದು 2012ರಲ್ಲಿ ಬ್ರಿಟನ್ನಿನ ಸಂಶೋಧಕ ಡೇಮಿಯನ್ ಮಿಲ್ಟನ್ ವಾದಿಸಿದರು. ಅವರೂ ಆಟಿಸಂ ಇರುವವರೇ. ಗುಂಪಿನಲ್ಲಿ ಕೂತರೆ ಅದಕ್ಕೆ ಬೇರೆ ಪುರಾವೆ ಬೇಕಿಲ್ಲ. ಅಲ್ಲಿನ ಕಿರಿಯರಿಗೆ ಗಣಗಳ ಗುರುತಿಲ್ಲ. ಅವರವರು ಎಕ್ಸ್-ಮೆನ್, 1963ರಲ್ಲಿ ಅಮೆರಿಕದಲ್ಲಿ ಶುರುವಾದ ಕಾಮಿಕ್ಸಿನ ಮ್ಯುಟೆಂಟ್‌ಗಳು. ಹುಟ್ಟಿನಿಂದಲೇ ಬೇರೆಯಾದವರಿಗೆ ಒಂದು ಶಾಲೆ, ದೊಡ್ಡ ಬಂಗಲೆ. ನಾನು ಕೇಳಿ ಖುಷಿಪಡುತ್ತಿರುವಾಗ, ಮಾತಾಡದೆ ಟ್ಯಾಬ್ಲೆಟ್ಟಿನಲ್ಲಿ ಬೆರಳಿಟ್ಟು ಬರೆಯುವ ಯುವಕನೊಬ್ಬ ಬರೆದು ತೋರಿಸಿದ: "ಬಂಗಲೆಯವರು ಚಂದ ಇದ್ದಾರೆ ಅಕ್ಕ. ಮಾರ್‌ಲಾಕ್‌ಗಳನ್ನು ಓದಿ."

ಓದಿದೆ. 1983ರಲ್ಲಿ ಆ ಕಥೆಯೊಳಗೆ ಬಂದವರು ಮಾರ್‌ಲಾಕ್‌ಗಳು. ಅವರೂ ಮ್ಯುಟೆಂಟ್‌ಗಳೇ, ಆದರೆ ಮುಖ ಮೈ ನೋಡಿದರೆ ಸಾಮಾನ್ಯರೆಂದು ತೋರಿಸಿಕೊಳ್ಳಲು ಆಗದವರು, ಆದ್ದರಿಂದ ನ್ಯೂಯಾರ್ಕಿನ ಮ್ಯಾನ್‌ಹಟನ್‌ನ ಕೆಳಗೆ ಸುರಂಗಗಳಲ್ಲಿ ವಾಸ. ಹೊರಗಿನವರ ಸಮಾಜದೊಳಗೂ ಚಂದದ ಗೆರೆ ಇದೆ. ಅದರ ಯಾವ ಬದಿಯಲ್ಲಿ ನಾನಿದ್ದೇನೆ ಎಂಬುದರ ಬಗ್ಗೆ ಆ ಹುಡುಗನಿಗೆ ಅನುಮಾನವಿರಲಿಲ್ಲ. ಮಾಯಾ ವೇಷ ನನ್ನನ್ನು ದಣಿಸಿದ್ದು ನಿಜ, ಕಾಪಾಡಿದ್ದೂ ನಿಜ. ಅದಿಲ್ಲದ ಸಹಪಾಠಿಯನ್ನು ನಾಲ್ಕನೆಯ ತರಗತಿಯ ನಂತರ ನಾನು ನೋಡಿಲ್ಲ. ಆ ಹುಡುಗ ಮತ್ತು ನಾನು ಈಗ ಇದರ ಬಗ್ಗೆ ಬರಹದಲ್ಲಿ ಜಗಳವಾಡುತ್ತೇವೆ. ಗಣಗಳಲ್ಲಿ ಬಂಗಲೆಯವರು ಸುರಂಗದವರು ಎಂಬ ಭೇದವಿಲ್ಲ, ಎಲ್ಲರೂ ಒಂದೇ ಪಟ್ಟಿಕೆಯಲ್ಲಿದ್ದಾರೆ ಎಂದು ನಾನು. ಪಟ್ಟಿಕೆ ಮಾತ್ರ ದೇವರ ಕಾಲಡಿ ಇದೆಯಲ್ಲ ಎಂದು ಅವನು. ಬಾದಾಮಿಗೆ ಅವನನ್ನೂ ಕರೆದುಕೊಂಡು ಹೋಗಬೇಕೆಂದಿದ್ದೇನೆ, ಅವನ ಅಮ್ಮ ರೈಲಿನ ಗದ್ದಲಕ್ಕೆ ಹೆದರುತ್ತಿದ್ದಾರೆ.

ನನ್ನ ದಿನಗಳಲ್ಲಿ ಬದಲಾದದ್ದು ಸಣ್ಣ ಸಣ್ಣದು. ಹುಬ್ಬು ತಿದ್ದಿಸುವುದನ್ನು ನಿಲ್ಲಿಸಿದ್ದೇನೆ. ಅವು ಈಗ ನಡುವೆ ಸೇರಿಕೊಂಡಿವೆ, ನನಗೆ ಇಷ್ಟವಾಗಿವೆ. ಮದುವೆಗಳಿಗೆ ಹಳೆಯ, ತೊಳೆದು ಮೆತ್ತಗಾದ ಹತ್ತಿ ಸೀರೆ, ಕಿವಿಗೆ ಇಯರ್‌ಪ್ಲಗ್. ಅತ್ತೆ ಕಳೆದ ಮದುವೆಯಲ್ಲಿ, "ಇದೇನು ಮಾರಾಯ್ತಿ, ಚಂದದ ಮುಖವನ್ನು ಹಾಳು ಮಾಡಿಕೊಂಡೆ" ಎಂದರು. ಮುಖ ಅಲ್ಲೇ ಇದೆ ಅತ್ತೆ, ಕೆಲಸ ಬಿಟ್ಟಿದೆ ಎಂದೆ.

ಗಂಡು ಹುಡುಕುವುದನ್ನು ಅಮ್ಮ ಬಿಟ್ಟಿಲ್ಲ, ನಾನೂ ಬೇಡವೆಂದಿಲ್ಲ. ಪ್ರೊಫೈಲಿನಲ್ಲಿ ಆಟಿಸಂ ಎಂದು ಬರೆಯಬೇಕೆಂಬುದು ನನ್ನ ಪಟ್ಟು, ಬರೆದರೆ ಯಾರೂ ಬರುವುದಿಲ್ಲ ಎಂಬುದು ಅವರ ಭಯ. ಬಹಳ ಚರ್ಚೆಯಾಗಿ ಅಮ್ಮ ಒಪ್ಪಿದರು, ಆದರೆ ತಮ್ಮದೊಂದು ವಾಕ್ಯ ಸೇರಿಸಿದರು: "ಆಟಿಸಂ ಇದೆ. ಗಲಾಟೆ ಆಗುವುದಿಲ್ಲ, ಚೆಂಡೆ ಆಗುತ್ತದೆ." ಮಧ್ಯಸ್ಥರು ಅದನ್ನು ಅಳಿಸಿ ಹಾಕಿದರು, ಅಮ್ಮ ಫೋನ್ ಮಾಡಿ ಮತ್ತೆ ಹಾಕಿಸಿದರು. ವಿಚಾರಿಸುವವರು ಈಗ ಕಡಿಮೆ. ಹುಬ್ಬು ಸೇರಿದ ಫೋಟೋವನ್ನೂ ಆ ವಾಕ್ಯವನ್ನೂ ನೋಡಿದ ಮೇಲೆ ಒಬ್ಬರು ಮಾತ್ರ, ನಿಮಗೆ ಯಾವ ಮೇಳದ ಆಟ ಇಷ್ಟ ಎಂದು ಕೇಳಿ ಬರೆದಿದ್ದಾರೆ. ಕುಂದಾಪುರದ ಕಡೆಯವರಂತೆ, ಯಕ್ಷಗಾನದ ಉತ್ತರದ ಶೈಲಿಯಾದ ಬಡಗುತಿಟ್ಟಿನ ಅಭಿಮಾನಿ. ನಮ್ಮ ಕಡೆಯ ತೆಂಕು ಶೈಲಿಯ ಬಣ್ಣದ ವೇಷದ ಬಗ್ಗೆ ಅವರು ಬರೆದಿರುವುದರಲ್ಲಿ ತಪ್ಪುಗಳಿವೆ. ಉತ್ತರ ಬರೆಯುತ್ತಿದ್ದೇನೆ, ಸ್ವಲ್ಪ ಉದ್ದವಾಗಿದೆ.